ಪೊರೆ ಮತ್ತು ಗೂಡು

ಜ್ವರವೆಂದರೆ ರೋಗವೆಂಬುದೇ ಲೋಕದ ಎಣಿಕೆ. ಆದರೆ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಆ ಮಾತಿಗೆ ಬೇರೊಂದು ಅರ್ಥವುಂಟು. ರಾಮನಗರ, ಕನಕಪುರ, ಶಿಡ್ಲಘಟ್ಟಗಳ ಸುತ್ತಿನ ಹಳ್ಳಿಗಳಲ್ಲಿ ಹುಳು ಎರಡನೆಯ ಜ್ವರಕ್ಕೆ ಕೂತಿದೆಯೆಂದು ಯಾರಾದರೂ ಹೇಳಿದರೆ ಕೇಳಿದವರು ಮರುಗುವುದಿಲ್ಲ. ಎಲ್ಲವೂ ಕ್ರಮವಾಗಿ ನಡೆದಿದೆಯೆಂದು ಸಮಾಧಾನಪಡುವರು. ಹುಳುವು ತನ್ನ ಹಳೆಯ ಪೊರೆಯನ್ನು ಕಳಚಿ ಹೊಸದನ್ನು ತಾಳುವ ಹೊತ್ತಿಗೆ ಒಕ್ಕಲುಮಕ್ಕಳು ಇಟ್ಟ ಹೆಸರು ಅದು. ಮೇವನ್ನು ಬಿಡುವುದು, ತಲೆಯೆತ್ತಿ ಮಂಕಾಗಿ ಕುಳಿತಿರುವುದು, ಅಲುಗಾಡದಿರುವುದು, ಮುಟ್ಟಿದರೆ ಸೈರಿಸದಿರುವುದು, ಇವೆಲ್ಲವೂ ಜ್ವರ ಬಂದವನ ಲಕ್ಷಣಗಳೇ ಸರಿ. ಹೆಸರಿಟ್ಟವರ ಕಣ್ಣು ಬಲು ಸೂಕ್ಷ್ಮವಾದುದು. ಬೆಳವಣಿಗೆಯು ಹೊರಗಿನಿಂದ ನೋಡುವವನಿಗೆ ಎಷ್ಟೋ ವೇಳೆ ಬೇನೆಯಂತೆಯೇ ತೋರುವುದೆಂಬುದನ್ನು ಅವರು ಯಾವ ಶಾಸ್ತ್ರವನ್ನೂ ಓದದೆ ಕಂಡುಕೊಂಡಿದ್ದರು.

ಮೊಟ್ಟೆಯೊಡೆದು ಹೊರಬಂದ ಮರಿಯು ಇರುವೆಗಿಂತ ದೊಡ್ಡದಲ್ಲ. ಸುಮಾರು 25 ದಿನಗಳಲ್ಲಿ ಅದರ ತೂಕ ಹತ್ತಿರ ಹತ್ತಿರ 10,000 ಪಟ್ಟು ಹೆಚ್ಚುವುದು. ಇಷ್ಟು ಬೆಳೆಯುವ ಒಡಲಿಗೆ ಒಂದೇ ತೊಗಲು ಸಾಲದು. ಮನುಷ್ಯನ ಚರ್ಮವು ಮೈಯೊಡನೆ ತಾನೂ ಬೆಳೆಯುವುದು. ಹುಳುವಿನ ಪೊರೆಗೆ ಆ ಶಕ್ತಿಯಿಲ್ಲ. ಅದು ಕೊಂಚಮಟ್ಟಿಗೆ ಹಿಗ್ಗಬಲ್ಲುದು, ಆಮೇಲೆ ಬಿಗಿಯುವುದು. ತಲೆಯ ಗಟ್ಟಿಯಾದ ಕವಚವಂತೂ ಒಂದಿಷ್ಟೂ ಹಿಗ್ಗದು. ಆದಕಾರಣ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ನಾಲ್ಕು ಪೊರೆಗಳನ್ನು ಬಿಟ್ಟು, ಐದು ಹಂತಗಳನ್ನು ಹಾಯ್ದು ಬಲಿಯುವುದು. ಒಂದೊಂದು ಜ್ವರಕ್ಕೂ ಸುಮಾರು ಒಂದು ಹಗಲು ಒಂದು ಇರುಳು ಹಿಡಿಯುವುದು. ಕೊನೆಯದಕ್ಕೆ ಇನ್ನೂ ಸ್ವಲ್ಪ ಹೆಚ್ಚು.

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಆ ಬಿಗಿಯಾದ ಪೊರೆಯನ್ನು ಹುಳುವಿನ ಮೇಲೆ ಯಾರೂ ಹೊದಿಸಿದುದಲ್ಲ. ಅದನ್ನು ಅದೇ ತನ್ನ ಮೈಯಿಂದ ಒಸರಿಸಿ ಕಟ್ಟಿಕೊಂಡಿತು. ಗಾಳಿಯಿಂದ, ಒಣಗುವಿಕೆಯಿಂದ, ಗಾಯದಿಂದ ಅದನ್ನು ಕಾಪಾಡಿದುದೂ ಆ ಪೊರೆಯೇ. ಮನುಷ್ಯನು ಕಟ್ಟಿಕೊಂಡ ಅಭ್ಯಾಸಗಳು, ನಂಬುಗೆಗಳು, ಮರ್ಯಾದೆಗಳು, ಮನೆತನದ ರೀತಿಗಳು ಇಂಥವೇ ಆಗಿವೆ. ಅವು ಒಂದು ಕಾಲಕ್ಕೆ ಕಾಪಾಡಿದವು. ಕಾಪಾಡಿದುದರಿಂದಲೇ ಅವನು ಬೆಳೆದನು. ಬೆಳೆದುದರಿಂದಲೇ ಅವು ಬಿಗಿಯಾದವು. ಬಿಗಿಯಾದ ಹೊತ್ತಿನಲ್ಲಿ ಹಳೆಯದನ್ನು ಹಳಿಯುವುದು ಸುಲಭ. ತಂದೆಯ ಕಾಲದ ಆಚಾರವೆಲ್ಲ ಮೌಢ್ಯವೆಂದು ಮಗನು ಆಡುವ ಮಾತಿನಲ್ಲಿ ಎಷ್ಟೋ ಕಾಲ ತನ್ನನ್ನು ಬೆಚ್ಚಗಿಟ್ಟ ಹೊದಿಕೆಯ ಮೇಲಿನ ಕೃತಘ್ನತೆಯೂ ಸ್ವಲ್ಪ ಬೆರೆತಿರುವುದುಂಟು. ಅದೇ ರೀತಿ, ನನ್ನನ್ನು ಕಾಪಾಡಿದುದು ನನ್ನ ಮಗನನ್ನೂ ಅದೇ ಅಳತೆಯಲ್ಲಿ ಕಾಪಾಡಲೇಬೇಕೆಂದು ಹಟ ಹಿಡಿಯುವ ತಂದೆಯು ಪೊರೆಯನ್ನೇ ಮೈಯೆಂದು ತಿಳಿದಿರುವನು.

ಪೊರೆ ಕಳಚುವ ಕ್ರಮವನ್ನು ಬಲ್ಲವರು ಇನ್ನೂ ಒಂದು ಮಾತನ್ನು ತಿಳಿಸುವರು. ಹಳೆಯದು ಬಿದ್ದ ಮೇಲೆ ಹೊಸದು ಹುಟ್ಟುವುದಿಲ್ಲ. ಹಳೆಯದರ ಅಡಿಯಲ್ಲಿ ಹೊಸದು ಮೊದಲೇ ಸಿದ್ಧವಾಗುವುದು. ಹುಳು ಅಲುಗಾಡದೆ ಕುಳಿತಿರುವ ಆ ಹೊತ್ತಿನಲ್ಲಿ ಎರಡು ಪದರಗಳ ನಡುವೆ ಒಂದು ಬಗೆಯ ರಸ ಊರಿ ಹಳೆಯ ಪೊರೆಯ ಒಳಭಾಗವನ್ನೆಲ್ಲ ಕರಗಿಸುವುದು. ಕರಗಿದುದನ್ನು ಮೈಯು ಹೀರಿಕೊಳ್ಳುವುದು. ಕೊನೆಗೆ ಉಳಿದು ಬೀಳುವುದು ಹೊರಗಿನ ಒಣ ಸಿಪ್ಪೆ ಮಾತ್ರ. ಹಳೆಯದರಲ್ಲಿ ಸತ್ತ್ವವಾಗಿದ್ದುದು ಹೊಸದರಲ್ಲಿ ಸೇರಿಹೋಯಿತು. ಸತ್ತ್ವ ಹೋದುದನ್ನು ಹುಳು ಹಿಂದಿರುಗಿ ನೋಡದೆ ಬಿಟ್ಟು ನಡೆಯಿತು. ಷಟ್‌ಸ್ಥಲದ ಮಾರ್ಗವನ್ನು ಮನನಮಾಡಿದವರಿಗೆ ಈ ಕ್ರಮ ಹೊಸದೆನಿಸಲಾರದು. ಭಕ್ತಸ್ಥಲವನ್ನು ದಾಟಿ ಮಾಹೇಶ್ವರಸ್ಥಲಕ್ಕೆ ಬಂದವನು ಭಕ್ತಿಯನ್ನು ಹಿಂದೆ ಬಿಟ್ಟು ಬರುವುದಿಲ್ಲ. ಆ ಭಕ್ತಿಯೇ ಅಲ್ಲಿ ನಿಷ್ಠೆಯಾಗಿ ಗಟ್ಟಿಗೊಳ್ಳುವುದು. ಒಳಗೆ ಏನೂ ಸಿದ್ಧವಾಗದಿರುವಾಗ ಹೊರಗಿನದನ್ನು ಹರಿದೊಗೆಯುವವರನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ತೊಗಲು ಸುಲಿದ ಹುಳು ಬದುಕುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತು.

ಬದಲಾವಣೆಯೆಲ್ಲವೂ ಬೆಳವಣಿಗೆಯೆಂದು ಹಾಡಿ ಹೊಗಳುವುದು ಈಚಿನ ದಿನಗಳ ರೂಢಿ. ರೇಷ್ಮೆಯ ಮನೆಯಲ್ಲಿ ಇದಕ್ಕೂ ಒಂದು ಉತ್ತರವಿದೆ. ಹಾಲುತೊಂಡೆಯೆಂಬ ರೋಗ ತಗುಲಿದ ಹುಳುವೂ ಬದಲಾಗುವುದು. ಅದರ ಮೈ ಊದಿಕೊಳ್ಳುವುದು, ತೊಗಲು ಹೊಳೆಯುವುದು, ಅರಿಯದವನ ಕಣ್ಣಿಗೆ ಅದು ಉಳಿದವುಗಳಿಗಿಂತ ಚೆನ್ನಾಗಿ ಬೆಳೆದಂತೆಯೂ ತೋರಬಹುದು. ಆದರೆ ಅದು ಜ್ವರಕ್ಕೆ ಕೂರಲಾರದು. ಜೊತೆಯ ಹುಳುಗಳೆಲ್ಲ ನಿಂತಲ್ಲಿ ನಿಂತಿರುವಾಗ ಅದೊಂದು ಮಾತ್ರ ತಟ್ಟೆಯ ಅಂಚಿನಲ್ಲಿ ಸುಮ್ಮನಿರದೆ ಅಲೆಯುತ್ತಿರುವುದು. ಕಡೆಗೆ ತೊಗಲೊಡೆದು ಹಾಲಿನಂಥ ನೀರು ಸೋರಿ, ಆ ನೀರಿನಿಂದ ನೆರೆಯ ಹುಳುಗಳಿಗೂ ರೋಗ ಹರಡುವುದು. ಇಂದು ಒಬ್ಬ ಗುರು, ನಾಳೆ ಇನ್ನೊಬ್ಬ ಗುರು. ಇಂದೊಂದು ವ್ರತ, ಬರುವ ತಿಂಗಳು ಮತ್ತೊಂದು. ಈ ವರ್ಷ ಒಂದು ವ್ಯಾಪಾರ, ಮುಂದಿನ ವರ್ಷ ಅದನ್ನು ಬಿಟ್ಟು ಬೇರೊಂದು. ಇಂಥವರನ್ನು ಜನ ಚಟುವಟಿಕೆಯವರೆಂದು ಮೆಚ್ಚುವುದೂ ಉಂಟು. ಅಲೆದಾಟಕ್ಕೂ ಬದಲಾವಣೆಗೂ ಇರುವ ಅಂತರವನ್ನು ಹುಳು ಸಾಕುವ ಹೆಣ್ಣುಮಗಳು ತಟ್ಟೆಯ ಮುಂದೆ ನಿಂತು ಒಂದೇ ನೋಟದಲ್ಲಿ ತಿಳಿಯುವಳು. ಕೂತಿದೆಯೋ ಇಲ್ಲವೋ ಎಂಬುದೇ ಅವಳ ಪರೀಕ್ಷೆ.

ಒಳ್ಳೆಯ ಕೆಲಸವೂ ಪೊರೆಯಾಗಿ ಬಿಗಿಯಬಹುದೇ? ಶರಣರ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಳಿನಷ್ಟು ಕಠಿಣವಾಗಿ ಮುಂದಿಡುವ ಪ್ರಸಂಗ ಇನ್ನೊಂದಿಲ್ಲವೆನ್ನಬೇಕು. ಹನ್ನೆರಡನೆಯ ಶತಮಾನದಲ್ಲಿ ಅವರು ಮಾಡುತ್ತಿದ್ದುದು ಪರರ ಬಾಯಾರಿಕೆಯನ್ನು ನೀಗಿಸುವ ಕೆಲಸ; ಕೆರೆಗಳನ್ನು ಕಟ್ಟಿಸುವುದು, ಗುಡಿಗಳನ್ನು ಎತ್ತಿಸುವುದು. ಅದರಲ್ಲಿ ತಪ್ಪು ಹುಡುಕಲು ಯಾರಿಂದ ಸಾಧ್ಯ? ಅಲ್ಲಿಗೆ ಅಲ್ಲಮಪ್ರಭುದೇವರು ಬಂದರೆಂದೂ, ಮಣ್ಣು ಹೊರುವ ಕೆಲಸಗಾರರ ನಡುವೆ ನಿಂತು ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕಿದರೆಂದೂ ಶೂನ್ಯಸಂಪಾದನೆಯ ಕಥೆ ಹೇಳುವುದು. ಸಿದ್ಧರಾಮರಿಗೆ ಸಿಟ್ಟು ಬಂದಿತು. ಆ ಸಿಟ್ಟು ಬಂದುದೇ ಪ್ರಭುದೇವರ ಪ್ರಶ್ನೆಗೆ ಸಿಕ್ಕ ಉತ್ತರವೆಂದು ತಿಳಿದರೆ ತಪ್ಪಾಗಲಾರದು. ಕೆರೆಯು ಎಲ್ಲರದಾಗಿತ್ತು, ಕಟ್ಟಿಸಿದೆನೆಂಬ ಭಾವ ಮಾತ್ರ ಒಬ್ಬರದೇ ಆಗಿ ಉಳಿದಿತ್ತು. ತಲೆಯ ಕವಚ ಹಿಗ್ಗದೆಂಬ ಮಾತನ್ನು ಇಲ್ಲಿ ನೆನೆಯಬಹುದು. ಮುಂದೆ ಅವರು ಪ್ರಭುದೇವರೊಡನೆ ಕಲ್ಯಾಣಕ್ಕೆ ಬಂದು, ಅನುಭವಮಂಟಪದ ವಾದಸಂವಾದಗಳಲ್ಲಿ ಪಾಲುಗೊಂಡು, ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರೆಂದು ಅದೇ ಕಥೆ ತಿಳಿಸುವುದು.

ಈ ಪ್ರಸಂಗವನ್ನು ಓದುವವರು ಒಂದು ಸಂಗತಿಯನ್ನು ಗಮನಿಸದೆ ಬಿಡುವುದುಂಟು. ಸಿದ್ಧರಾಮರು ಬದಲಾದರು, ಕೆರೆಯನ್ನು ಯಾರೂ ಒಡೆಯಲಿಲ್ಲ. ಸೊಲ್ಲಾಪುರದಲ್ಲಿ ಇಂದಿಗೂ ನೀರಿನ ನಡುವೆ ಅವರ ಗುಡಿ ನಿಂತಿದೆ. ಬಿಡಬೇಕಾದುದು ಕೆಲಸವಲ್ಲ, ಕೆಲಸದ ಸುತ್ತ ಬೆಳೆದುಕೊಂಡ ಸಿಪ್ಪೆ.

ಇನ್ನು ಸಾಕುವವರ ಮಾತು. ಹುಳು ಜ್ವರಕ್ಕೆ ಕೂರುವ ಮುನ್ನ ಒಂದಿಷ್ಟು ಎಳೆಯನ್ನು ತೆಗೆದು ತನ್ನ ಕಾಲುಗಳನ್ನು ಹಾಸಿಗೆಗೆ ಅಂಟಿಸಿಕೊಳ್ಳುವುದು. ಆ ಆಸರೆಯಿಂದಲೇ ಅದು ಹಳೆಯ ಪೊರೆಯಿಂದ ಮುಂದಕ್ಕೆ ಜಾರಿ ಹೊರಬರಬೇಕು. ಯಾರಾದರೂ ಕೈಹಾಕಿ ಸ್ಥಳ ತಪ್ಪಿಸಿದರೆ ಪೊರೆ ಅರ್ಧ ಕಳಚಿ ಅಲ್ಲಿಯೇ ಸಿಕ್ಕಿ ಹುಳು ಕೆಡುವುದು. ಆದುದರಿಂದ ಜ್ವರದ ದಿನ ಸೊಪ್ಪು ಹಾಕುವುದಿಲ್ಲ. ಹಾಸಿಗೆ ಒದ್ದೆಯಾಗದಂತೆ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ, ಗಾಳಿಯಾಡುವಂತೆ ಬಿಟ್ಟು, ಬಾಗಿಲು ಮುಂದಕ್ಕೆ ಮಾಡಿ ಬರುವರು. ಏನನ್ನೂ ಮಾಡದಿರುವುದೇ ಆ ದಿನದ ಕಾಯಕ. ಕೈ ತುಂಬ ಕೆಲಸವಿರುವ ಒಕ್ಕಲುಮನೆಯವರಿಗೆ ಇದು ಸುಲಭವೆಂದು ಭಾವಿಸಬಾರದು.

ಮನುಷ್ಯರ ಮನೆಗಳಲ್ಲಿ ಇಷ್ಟು ವಿವೇಕ ಕಾಣುವುದು ಅಪರೂಪ. ಅಂಗಡಿಯ ವ್ಯವಹಾರದಲ್ಲಿ ಬೆಳೆದ ಮಗನೊಬ್ಬನಿಗೆ ಆ ಕಾಯಕ ತನ್ನದಲ್ಲವೆನಿಸುತ್ತ ಬಂದಿದೆಯೆನ್ನಿ. ತಿಂಗಳುಗಟ್ಟಲೆ ಅವನು ಮಾತು ಕಡಿಮೆಮಾಡುವನು, ಊಟದಲ್ಲಿ ಮನಸ್ಸಿಡನು, ಒಬ್ಬನೇ ಕುಳಿತಿರುವನು. ಮನೆಯವರಿಗೆ ಗಾಬರಿ. ಸೋದರಮಾವ ಬಂದು ಬುದ್ಧಿ ಹೇಳುವನು. ಅಜ್ಜಿ ದೃಷ್ಟಿ ತೆಗೆಯುವಳು. ತಾಯಿ ಮದುವೆಮಾಡಿದರೆ ಎಲ್ಲ ಸರಿಹೋಗುವುದೆನ್ನುವಳು. ತಂದೆ ಅಂಗಡಿಯ ಇನ್ನೊಂದು ಜವಾಬ್ದಾರಿಯನ್ನು ಹೊರಿಸಿ ನೋಡುವನು. ಎಲ್ಲರದೂ ಪ್ರೀತಿಯೇ. ಆದರೆ ಅದು ಜ್ವರಕ್ಕೆ ಕೂತ ಹುಳುವಿನ ಮೇಲೆ ಸೊಪ್ಪು ಸುರಿದ ಪ್ರೀತಿ. ತವರಿನ ರೀತಿಗಳನ್ನು ಬಿಟ್ಟು ಬಂದ ಹೊಸ ಸೊಸೆಯ ವಿಚಾರವೂ ಹೀಗೆಯೇ. ಪೊರೆ ಬಿಟ್ಟೆದ್ದ ಹುಳುವಿನ ಮೈ ಬಿಳಿಚಿ ಸುಕ್ಕುಗಟ್ಟಿ ಮೆತ್ತಗಿರುವುದು, ಬಾಯಿಯೂ ಮೆತ್ತಗಿರುವುದು. ಅದಕ್ಕೆ ಮೊದಲು ಎಳೆಯ ಸೊಪ್ಪನ್ನೇ ಕೊಡಬೇಕು. ಸೊಸೆಗೆ ಮೊದಲ ವಾರದಲ್ಲಿಯೇ ಬಲಿತ ಸೊಪ್ಪನ್ನು ಹಾಕುವ ಮನೆಗಳಿಗೆ ಈ ನಾಡಿನಲ್ಲಿ ಬಡತನವಿಲ್ಲ.

ಮುದುಕರಿಗೂ ಜ್ವರವುಂಟೆಂಬುದನ್ನು ಮರೆಯಲಾಗದು. ನಲವತ್ತು ವರ್ಷ ಮನೆಯ ಯಜಮಾನಿಕೆ ನಡೆಸಿದವನು ಬೀಗದಕೈ ಗೊಂಚಲನ್ನು ಮಗನ ಕೈಗಿಟ್ಟ ದಿನದಿಂದ ಕೆಲವು ಕಾಲ ಯಾವುದಕ್ಕೂ ಸಲ್ಲದವನಂತೆ ಜಗಲಿಯ ಮೇಲೆ ಕುಳಿತಿರುವನು. ಅವನ ಯಜಮಾನಿಕೆಯ ತೊಗಲು ಬಿದ್ದಿದೆ, ಬೇರೊಂದು ಇನ್ನೂ ಗಟ್ಟಿಯಾಗಿಲ್ಲ. ಅಪ್ಪನಿಗೆ ಮಂಕು ಕವಿದಿದೆಯೆಂದು ಮಕ್ಕಳು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವರು.

ತಟ್ಟೆಯಲ್ಲಿ ಎಲ್ಲ ಹುಳುಗಳೂ ಒಂದೇ ಗಳಿಗೆಗೆ ಜ್ವರದಿಂದ ಏಳುವುದಿಲ್ಲ. ಮೊದಲು ಎದ್ದವುಗಳಿಗೆ ಒಡನೆಯೇ ಸೊಪ್ಪು ಹಾಕಿದರೆ ಅವು ಮುಂದಾಗಿ, ಉಳಿದವು ಸೊಪ್ಪಿನಡಿಯಲ್ಲಿ ಹುದುಗಿ, ಇಡೀ ಬೆಳೆ ಏರುಪೇರಾಗುವುದು. ಆದುದರಿಂದ ಹೆಚ್ಚುಕಡಿಮೆ ಎಲ್ಲವೂ ಏಳುವತನಕ ಕಾಯುವರು. ಆದರೆ ಒಂದೆರಡು ಹುಳು ಹಿಂದುಳಿದುವೆಂದು ಬಹಳ ಹೊತ್ತು ಕಾದರೆ ಎದ್ದವು ಹಸಿದು ಸೊರಗುವುವು. ಎಷ್ಟು ಕಾಯಬೇಕು, ಎಲ್ಲಿಗೆ ಸಾಕೆನ್ನಬೇಕೆಂಬುದಕ್ಕೆ ಲೆಕ್ಕದ ಸೂತ್ರವಿಲ್ಲ. ಕೈಗೆ ಬಂದ ಅನುಭವವೇ ಗತಿ. ಸಂಸಾರದಲ್ಲಿಯೂ ಸಮಾಜದಲ್ಲಿಯೂ ಹೊಸದಕ್ಕೆ ಎದ್ದುನಿಂತವರೊಡನೆ ಇನ್ನೂ ಮಲಗಿರುವವರು ಒಂದೇ ಸೂರಿನಡಿ ಬಾಳಬೇಕಾಗಿದೆ. ಒಬ್ಬರಿಗಾಗಿ ಇನ್ನೊಬ್ಬರು ಎಷ್ಟು ಹಸಿವನ್ನು ತಾಳಬೇಕೆಂಬ ಕಷ್ಟ ಇಲ್ಲಿಯೂ ಇದೆ.

ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ತನ್ನ ಬಾಳಿನ ಒಟ್ಟು ಮೇವಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಅದು ಈ ಕೊನೆಯ ಏಳೆಂಟು ದಿನಗಳಲ್ಲಿ ತಿನ್ನುವುದು. ಆಮೇಲೆ ಒಂದು ದಿನ ಮೇವು ಬೇಡವಾಗುವುದು. ಮೈ ಕೊಂಚ ಕುಗ್ಗಿ ಪಾರದರ್ಶಕವಾಗುವುದು. ಹುಳು ಹಣ್ಣಾಯಿತೆನ್ನುವರು. ಈ ಹಣ್ಣಾಗುವಿಕೆಗೆ ಕಾರಣವೇನೆಂಬುದನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಪೊರೆ ಕಳಚಿಸುವ ರಸವೊಂದು ಹುಳುವಿನ ಒಡಲಲ್ಲಿ ಊರುವುದು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬವರು ಸುಮಾರು 500 ಕಿಲೋಗ್ರಾಂ ರೇಷ್ಮೆಯ ಕೋಶಗಳಿಂದ ಅದನ್ನು ಬೇರ್ಪಡಿಸಿದಾಗ ದೊರೆತುದು 25 ಮಿಲಿಗ್ರಾಂ ಮಾತ್ರ. ಅದರೊಡನೆ ಇನ್ನೊಂದು ರಸವುಂಟು. ಅದನ್ನು ಎಳೆತನದ ರಸವೆನ್ನಬಹುದು. ಅದು ಇರುವತನಕ ಹುಳು ಎಷ್ಟು ಪೊರೆ ಬಿಟ್ಟರೂ ಹುಳುವಾಗಿಯೇ ಉಳಿಯುವುದು. ಅದು ಇಳಿದುಹೋದಾಗಲೇ ಮುಂದಿನ ಪೊರೆಯಿಂದ ಬೇರೊಂದು ರೂಪ ಹೊರಬರುವುದು. ಇದನ್ನರಿತವರು ಎಳೆತನದ ರಸಕ್ಕೆ ಸಮಾನವಾದ ಮದ್ದನ್ನು ಅತ್ಯಲ್ಪವಾಗಿ ಸಿಂಪಡಿಸಿ ಹುಳು ಇನ್ನಷ್ಟು ಕಾಲ ತಿಂದು ಹೆಚ್ಚು ನೂಲು ಕೊಡುವಂತೆ ಮಾಡಿದುದೂ ಉಂಟು. ಅಳತೆ ಮೀರಿದರೆ ಹುಳು ತಿನ್ನುತ್ತಲೇ ಉಳಿಯುವುದು, ಗೂಡನ್ನೇ ಕಟ್ಟದು.

ಚಂದ್ರಿಕೆಗೆ ಬಿಟ್ಟ ಹಣ್ಣುಹುಳು ಎರಡು ಮೂರು ದಿನ ಎಡೆಬಿಡದೆ ತಲೆಯಾಡಿಸಿ ಒಂದೇ ಎಳೆಯಿಂದ ತನ್ನ ಸುತ್ತ ಗೂಡು ಕಟ್ಟಿಕೊಳ್ಳುವುದು. ಆ ಎಳೆ ತಳಿಗೆ ತಕ್ಕಂತೆ ನೂರಾರು ಮೀಟರ್ ಉದ್ದವಿದ್ದು, ಕೆಲವು ತಳಿಗಳಲ್ಲಿ ಸಾವಿರವನ್ನೂ ಮೀರುವುದು. ಈ ಗೂಡನ್ನು ನೋಡಿಯೇ ಮಹಾದೇವಿಯಕ್ಕ ತನ್ನ ಒಂದು ವಚನದಲ್ಲಿ ಆಸೆಗೊಳಗಾದ ಮನಸ್ಸನ್ನು ಹುಳುವಿಗೆ ಹೋಲಿಸಿದಳು. ತಾನೇ ಒಸರಿಸಿದುದರಲ್ಲಿ ತಾನೇ ಸಿಲುಕಿ ಅಳಿಯುವ ಜೀವದ ಚಿತ್ರವನ್ನು ಕಡೆದಿಟ್ಟಳು. ಎಂಟು ನೂರು ವರ್ಷಗಳಿಂದ ಆ ಉಪಮೆ ಕನ್ನಡಿಗರ ಎದೆಯಲ್ಲಿ ನಿಂತಿದೆ. ಅದನ್ನು ಓದುವ ಗೃಹಸ್ಥನಿಗೆ ಒಂದು ಅಳುಕು ಹುಟ್ಟುವುದು ಸಹಜ. ಮನೆಮಠ, ಮಡದಿಮಕ್ಕಳು, ಸಂಪಾದನೆ, ಇವೆಲ್ಲ ಸಾವಿನ ಗೂಡುಗಳೇ? ಹಾಗಾದರೆ ಸಂಸಾರದಲ್ಲಿದ್ದೇ ಕಾಯಕ ದಾಸೋಹಗಳನ್ನು ನಡೆಸಿದ ಶರಣರು ಮಾಡಿದುದೇನು?

ಹುಳುವಿನ ಬಾಳನ್ನು ಕೊನೆಯವರೆಗೂ ನೋಡಿದರೆ ಈ ಅಳುಕು ಬೇರೆ ರೂಪ ತಾಳುವುದು. ಗೂಡು ಹುಳುವಿಗೆ ಸಮಾಧಿಯಾಗಲೆಂದು ಹುಟ್ಟಿದುದಲ್ಲ. ಒಳಗೆ ಅದು ಮತ್ತೊಮ್ಮೆ ಪೊರೆ ಬಿಟ್ಟು ಕೋಶವಾಗುವುದು. ಹುಳುವಿನ ಅನೇಕ ಅಂಗಗಳು ಅಲ್ಲಿ ಕರಗಿಹೋಗುವುವು. ನೂಲು ಕೊಟ್ಟ ಗ್ರಂಥಿಗಳೇ ಕರಗುವುವು. ಹುಳುವಾಗಿದ್ದಾಗಲೇ ಮೊಳಕೆಯಂತೆ ಒಳಗೆ ಅಡಗಿದ್ದ ರೆಕ್ಕೆಗಳು ಬಿಡಿಸಿಕೊಳ್ಳುವುವು. ಹತ್ತು ಹನ್ನೆರಡು ದಿನಗಳಾದ ಮೇಲೆ ಪತಂಗವು ಬಾಯಿಂದ ಒಂದು ರಸವನ್ನು ಒಸರಿಸಿ, ಎಳೆಗಳನ್ನು ಅಂಟಿಸಿದ್ದ ಗೋಂದನ್ನು ನೆನೆಸಿ ಸಡಿಲಿಸಿ, ಎಳೆಗಳನ್ನು ಸರಿಸಿಕೊಂಡು ಹೊರಬರುವುದು. ಕಟ್ಟಿದವನಿಗೇ ಬಿಚ್ಚುವ ಬಗೆಯೂ ಒಲಿದಿದೆ. ಗೂಡಿನೊಳಗೆ ಅದು ಸಾಯುವುದು ಗೂಡಿನ ದೋಷದಿಂದಲ್ಲ. ಹೊರಬರುವ ಮೊದಲೇ ಹಬೆಗೆ ಒಡ್ಡುವುದರಿಂದ. ಏಕೆಂದರೆ ಪತಂಗ ತೂತು ಮಾಡಿದ ಗೂಡಿನಿಂದ ಎಳೆಯನ್ನು ಅಖಂಡವಾಗಿ ಬಿಚ್ಚಲಾಗದು. ಈ ಕಾಯಕದಲ್ಲಿ ಹಿಂಸೆಯಿದೆಯೆಂಬ ಮಾತನ್ನು ಮರೆಮಾಚುವುದು ಸಲ್ಲದು; ರೇಷ್ಮೆಯುಟ್ಟು ಪೂಜೆಗೆ ಕೂರುವವರು ಅದನ್ನು ಒಮ್ಮೆಯಾದರೂ ನೆನೆಯಬೇಕು.

ಯಾರಿಗೆ ಎಳೆ ಬೇಕೋ ಅವರಿಗೆ ಪತಂಗ ಹೊರಬರುವುದು ನಷ್ಟ. ಹಗಲಿರುಳು ದುಡಿದು ಮನೆಮಂದಿಗೆಲ್ಲ ಅನ್ನವಾದ ಹಿರಿಯ ಮಗನು ಒಂದು ದಿನ ತಾನೂ ಓದಬೇಕೆಂದರೆ, ಹತ್ತು ಜನರ ಅಡಿಗೆಯಲ್ಲಿ ಬಾಳು ಸವೆಸಿದ ಗೃಹಿಣಿಯು ಸಂಜೆಯ ಒಂದು ಗಂಟೆಯನ್ನು ವಚನಾಭ್ಯಾಸಕ್ಕೆ ಕೇಳಿದರೆ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳು ಮರುಮದುವೆಗೆ ಒಪ್ಪಿದರೆ, ಮನೆಯಲ್ಲಿ ಏಳುವ ಗದ್ದಲಕ್ಕೆ ಧರ್ಮದ ಹೆಸರನ್ನು ಕೊಡುವರು. ಧರ್ಮದ ವಿಚಾರ ಅದರಲ್ಲಿ ಎಷ್ಟಿದೆಯೋ, ಎಳೆ ತುಂಡಾಗುವ ಭಯ ಎಷ್ಟಿದೆಯೋ, ಪ್ರತಿ ಮನೆಯವರೂ ತಾವೇ ತೂಗಿ ನೋಡಿಕೊಳ್ಳತಕ್ಕುದು. ಅಕ್ಕನ ಉಪಮೆ ಇಲ್ಲಿ ಮೊದಲಿಗಿಂತಲೂ ಹರಿತವಾಗುವುದು. ಹುಳುವಿಗೆ ಹಬೆ ಹಾಯಿಸುವವನು ಬೇರೊಬ್ಬನು. ಮನುಷ್ಯನಾದರೋ ತಾನು ಕಟ್ಟಿದುದರ ಬೆಲೆಗೆ ಮರುಳಾಗಿ, ಅದು ಹರಿಯದಿರಲೆಂದು, ತನ್ನ ಗೂಡಿಗೆ ತಾನೇ ಒಲೆ ಹೊತ್ತಿಸಿಕೊಳ್ಳಬಲ್ಲನು.

ಎಲ್ಲ ಗೂಡುಗಳೂ ಹಬೆಗೆ ಹೋಗುವುದಿಲ್ಲ. ಮಾಗಡಿ, ಕುಣಿಗಲುಗಳ ಕಡೆ ಬಿತ್ತನೆಗಾಗಿಯೇ ಮೈಸೂರು ತಳಿಯ ಗೂಡನ್ನು ಬೆಳೆಸುವ ರೂಢಿಯಿದೆ. ಆ ಗೂಡುಗಳಿಂದ ಪತಂಗಗಳು ಬೆಳಗಿನ ಜಾವದಲ್ಲಿ ಹೊರಬರುವುವು. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬಾಳಿದುದರಿಂದ ರೆಕ್ಕೆಯಿದ್ದರೂ ಅವು ಹಾರಲಾರವು. ಹುಳುವಾಗಿದ್ದಾಗ ತಿಂದುದೇ ತಿಂದುದು. ಈಗ ಬದುಕುವ ಕೆಲವೇ ದಿನಗಳಲ್ಲಿ ಅವು ಏನನ್ನೂ ತಿನ್ನುವುದಿಲ್ಲ. ಹೆಣ್ಣು ಪತಂಗವು ಮುನ್ನೂರು, ನಾನೂರು ಮೊಟ್ಟೆಗಳನ್ನು ಹಾಳೆಯ ಮೇಲೆ ಇಟ್ಟು ಬರಿದಾಗುವುದು. ಅದು ಬಿಟ್ಟು ಬಂದ ತೂತುಗೂಡನ್ನೂ ಎಸೆಯುವುದಿಲ್ಲ. ಒಂದೇ ಎಳೆಯಾಗಿ ಬಿಚ್ಚಲು ಬಾರದ ಅದನ್ನು ಬೇಯಿಸಿ, ಹಿಂಜಿ, ಹತ್ತಿಯಂತೆ ನೂಲುವರು. ಆ ನೂಲಿನ ಬಟ್ಟೆಗೆ ಮಿರುಗು ಅಷ್ಟಾಗಿ ಇರುವುದಿಲ್ಲ. ಉಟ್ಟವರು ಮೈಗೆ ಮೆತ್ತಗಿದೆಯೆನ್ನುವರು.